ಎಂಬತ್ತಾರು ಕೆಬಿಯ ಮಾಳಿಗಿ

ಒಂಬತ್ತು ಎಂಬಿ.
ನಿಂಬೆಕ್ಕನ ಮೊಮ್ಮಗ ಹೊಸ ಫೋನಿನಾಗ ಹಿಡಿದ ಫೋಟೋ:
ಶಹಾಬಾದದ ಒಂದು ಮಾಳಿಗಿ, ಬಿಳೇ ಧೋತರ ಹಾಸಿ
ಅದರ ಮ್ಯಾಲ ಒಣಗಲಿಕ್ಕ ಇಟ್ಟ ನಲವತ್ತು ಜೋಳದ ರೊಟ್ಟಿ,
ಹಿಂದ ಫರಸಿ ಖಣಿಯ ಧೂಳು, ಅದರ ಹಿಂದ
ಮಾರ್ಚ್ ತಿಂಗಳ ಆಕಾಶ, ಯಾರೂ ಕೇಳದಿದ್ದರೂ ಅಷ್ಟುದ್ದ.

"ಇದನ್ನ ಹಿಂದ ಹಾಕು. ಮ್ಯಾಲ ನಮ್ಮ ಸಂಘದ ಹೆಸರು,
ಕೆಳಗ ರೇಟು. ಅಷ್ಟ ಸಾಕು," ಅಂದಳು
ನನ್ನ ಝೆರಾಕ್ಸ್ ಅಂಗಡಿಯ ಮುರುಕು ಸ್ಟೂಲಿನ ಮ್ಯಾಲ ಕುಂತು.

ಹಾಕಿದೆ. ಆಕಿಯ ಫೋನಿನಾಗ ತೆರೆದೆ. ಸಿಗ್ನಲ್ ಒಂದೇ ಕಡ್ಡಿ.
ಮೊದಲು ಬರೇ ಬಿಳೇದು. ಆಮ್ಯಾಲ ಒಂದು ಎಳಿ ಆಕಾಶ.
ಆಮ್ಯಾಲ ಇನ್ನೊಂದು ಎಳಿ.
ಹೊರಗ ವಾಡಿ ಕಡೆಯ ಗೂಡ್ಸ್ ಗಾಡಿ ಬಂತು,
ಐವತ್ತೆಂಟು ಡಬ್ಬಿ ಎಣಿಸಿ ಮುಗಿಸಿದಳು ನಿಂಬೆಕ್ಕ;
ರೊಟ್ಟಿ ಇನ್ನೂ ಬಂದಿದ್ದಿಲ್ಲ.

"ಗಿರಾಕಿ ಎದ್ದು ಹೋಗ್ತಾನ, ತಮ್ಮಾ."
ಭಾರ ಭಾಳ ಅದ, ಅಂದೆ. ಇಳಿಸಬೇಕು.
"ಫೋಟೋಕ್ಕ ಎಂಥಾ ಭಾರ?"

ಹೆಂಗ ಹೇಳಲಿ. ಒಂದೊಂದು ಚುಕ್ಕಿಗೂ
ತನ್ನ ಬಣ್ಣ ಬಾಯಿಪಾಠ ಇರ್ತದ; ನಾವು
ಬಾಜುದವನ ಬಣ್ಣಾನ ನಿಂದು ಅಂತ ತಿಳಕೋ,
ಉಳಿದದ್ದು ಮರತುಬಿಡು ಅಂತೀವಿ...
ಅಷ್ಟು ಹೇಳೂದ್ರಾಗ ಆಕಿ ಕೈ ಎತ್ತಿದಳು:
"ನೀರು ತೆಗೀತಿ ಅನ್ನು.
ಬಿಸಿ ರೊಟ್ಟಿ ಇದ್ದೂರಾಗ ಉಣ್ಣಲಿಕ್ಕ.
ಪುಣೇಕ್ಕ ಕಳಸೂದು ಕಡಕ್ ಆಗಬೇಕು."

ಕಲಬುರಗಿಯೊಳಗ ಮೂರು ವರ್ಷ ಫೀ ಕಟ್ಟಿ ಕಲತದ್ದು
ಎರಡು ಮಾತಿನಾಗ ಮುಗೀತು.

ಅಗಲ ಇಳಿಸಿದೆ: ನಾಲ್ಕು ಸಾವಿರದಿಂದ ಹದಿನಾರುನೂರಕ್ಕ.
ಸ್ಲೈಡರ್ ಹಿಡಿದು ಎಂಬತ್ತು. ಎಪ್ಪತ್ತು.
ಧೋತರದ ಅಂಚಿನ ಎಳಿ ಹೋತು.
ತಂತಿಯ ಮ್ಯಾಲಿನ ಕ್ಲಿಪ್ಪುಗಳು ಹೋದವು.
ಅರವತ್ತು. ನಲವತ್ತೈದು.
ಮೂಲ್ಯಾಗ ಗಿಡ್ಡ ಗೋಡಿಯ ಮ್ಯಾಲ ಏನೋ ಕರ್ರಗ ಇತ್ತು,
ಅದು ಗೋಡಿಯ ನೆರಳಾತು.
ಇಪ್ಪತ್ತು.
ಆಕಾಶ ಚೌಕ ಚೌಕ ಒಡೀತು,
ಮುಗಲಿಗೇ ಯಾರೋ ಫರಸಿ ಹಾಸಿದಂಗ.

ನಿಂಬೆಕ್ಕ ನಕ್ಕಳು. ಆಕಿಯ ಗಂಡ
ಮೂವತ್ತು ವರ್ಷ ಅದೇ ಕಲ್ಲು ಸೀಳಿ ಹೋದಾವ.
"ಅಲ್ಲೂ ಹೋಗಿ ಕೆಲಸ ಹಿಡದಾನ ನೋಡು."

ಆಮ್ಯಾಲ ಸೆರಗಿನ ತುದಿಯಿಂದ ಸ್ಕ್ರೀನ್ ಒರೆಸಿ
ರೊಟ್ಟಿಯ ಹತ್ತಿರ ಮುಖ ತಂದಳು. ನಗು ನಿಂತಿತು.
"ಬೊಬ್ಬಿ ಎಲ್ಲಿ?"

ಕೈಯಿಲೆ ಬಡದ ರೊಟ್ಟಿಗೆ ತವಿ ಮ್ಯಾಲ ಏಳೋ ಬೊಬ್ಬಿ,
ಒಂದಕ್ಕಿದ್ದಂಗ ಒಂದಕ್ಕ ಇರೂದಿಲ್ಲ. ಇಲ್ಲಿ
ನಲವತ್ತೂ ಒಂದೇ ಬಿಲ್ಲಿ, ಮಷೀನಿನಿಂದ ಬಿದ್ದಂಗ.
"ಹನ್ನೊಂದು ಮಂದಿ ಹೆಣ್ಮಕ್ಕಳು
ನಸುಕಿನಾಗ ಎದ್ದದ್ದು ಇದಕ್ಕೇನು?
ಮುಗಲು ಎಷ್ಟರೆ ತಗೊ, ಖಣಿ ತಗೊ,
ಬೇಕಾದ್ರ ನಮ್ಮ ಓಣಿ ತಗೊ. ಬೊಬ್ಬಿ ಬಿಡು."

ಹಂಗ ಮಾಡಿದೆ. ಆಕಾಶಕ್ಕ ಮಂಜು ಬಳಿದೆ,
ಮಬ್ಬಿಗೆ ತೂಕ ಇಲ್ಲ. ಖಣಿ ಕತ್ತರಿಸಿದೆ.
ರೊಟ್ಟಿಯ ಮ್ಯಾಲ ಮಾತ್ರ ಕೈ ಹಗೂರ.
ಎಂಬತ್ತಾರು ಕೆಬಿ.
ಈ ಸರ್ತಿ ಆಕಿ ಸೆರಗು ಸಿಗಸೂದ್ರಾಗ
ಮಾಳಿಗಿ ಪೂರಾ ಬಂದು ಕುಂತಿತ್ತು.

"ತೆಗದದ್ದು ಎಲ್ಲಿ ಇಟ್ಟಿ?"
ಎಲ್ಲೂ ಇಲ್ಲವ್ವಾ. ಹೋತು.
"ಹೋದದ್ದು ಹೊಳ್ಳಿ ಬರ್ತದ?"
ಇಲ್ಲ.
ಸ್ವಲ್ಪ ಹೊತ್ತು ಸುಮ್ನ ಕುಂತಳು.
"ಕಡಕ್ ರೊಟ್ಟಿಗಿ ನೀರು ಚಿಮುಕಿಸಿದ್ರ ಮೆತ್ತಗಾಗ್ತದ,
ಬಿಸಿ ರೊಟ್ಟಿ ಆಗಂಗಿಲ್ಲ. ಅಸಲು ಬ್ಯಾರೆ ಇಟ್ಟಿರು."

ಇಟ್ಟೀನಿ. ರಾತ್ರಿ ಶಟರ್ ಅರ್ಧ ಎಳೆದು,
ಆಕಿ ಪೇಪರಿನಾಗ ಸುತ್ತಿಕೊಟ್ಟ ರೊಟ್ಟಿ ಮುರಕೋತ,
ಶೇಂಗಾ ಹಿಂಡಿ ಹಚ್ಚಿ ತಿನಕೋತ,
ಆ ಒಂಬತ್ತು ಎಂಬಿ ತೆರೆದು ಮೂಲಿಗೆ ಹೋಗಿ ದೊಡ್ಡದು ಮಾಡಿದೆ.
ನೆರಳಲ್ಲ, ಕಾಗಿ.
ಅದರ ಬಾಯಾಗ ಬೆರಳಿನ ಉಗುರಿನಷ್ಟು ರೊಟ್ಟಿ.
ಹುಡುಕಿದೆ: ಮೂರನೇ ಸಾಲು, ಎಡದಿಂದ ಎರಡನೇದು,
ಅಂಚು ಮುಕ್ಕಾಗಿತ್ತು.

ಸೈಟಿನಾಗ ಅದರ ಮ್ಯಾಲ ರೇಟು ಬಂದದ.